ಮೊದ್ಲ ಉಣ್ಣಕ್ಕಾ

ಮೊಮ್ಮಕ್ಕಳೇ, ಚಿನ್ಮಯಿ, ಪೃಥ್ವಿ, ಇದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ನಾನು ವೈಟ್‌ಫೀಲ್ಡಿನ ಆಫೀಸೊಂದರಲ್ಲಿ ಕಸ ಗುಡಿಸುತ್ತಿದ್ದಾಗ ನಮಗೊಬ್ಬ ಸೂಪರ್‌ವೈಸರ್ ಇದ್ದರು, ರಾಯಚೂರು ಕಡೆಯ ಹೆಂಗಸು. ಕೆಲಸದ ಮಾತೆಲ್ಲ ಇನ್ನು ಮೊಬೈಲಿನ ಹೊಸ ಆ್ಯಪ್‌ನಲ್ಲೇ ಎಂದು ಆಫೀಸಿನವರು ಹೇಳಿದಾಗ ನಮಗದನ್ನು ಕಲಿಸಿದವರು ಅವರೇ. ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡೇ ಫೋನು ಮುಟ್ಟುತ್ತಿದ್ದರು.

"ಒತ್ತಕ್ಕಾ, ಅದೇನು ಚೇಳೇನು? ಏನಿದ್ರೂ ಗ್ರೂಪಿನ್ಯಾಗ ಹಾಕ್ರಿ" ಎನ್ನುವುದು ಅವರ ನಿತ್ಯದ ಮಾತು.

ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ತೆರೆಯುವಾಗ ಫೋನು ಸದ್ದು ಮಾಡಿತು. ಹೊಸದಾಗಿ ಕಲಿತ ಹುರುಪಿನಲ್ಲಿ ಕೈ ಚಾಚಿದೆ. ಅಷ್ಟರಲ್ಲಿ ಅವರು ಓಡಿಬಂದು ಅದನ್ನು ಎತ್ತಿಕೊಂಡರು.

"ಕೊಡಿ ಮೇಡಂ, ಗ್ರೂಪಲ್ಲಿ ಏನೋ ಬಂದದೆ."

"ಮೊದ್ಲ ಉಣ್ಣಕ್ಕಾ."

ನಾನು ಮುದ್ದೆ ಮುಗಿಸುವವರೆಗೂ ಎದುರಿಗೇ ಕೂತಿದ್ದರು. ತಮ್ಮ ಡಬ್ಬಿ ಬಿಚ್ಚಲಿಲ್ಲ. ನಾನು ಕೈ ತೊಳೆದು ಬಂದ ಮೇಲೆ ಆ ಒದ್ದೆ ಕೈ ಹಿಡಿದುಕೊಂಡು, ನನ್ನ ಯಜಮಾನರು, ಅಂದರೆ ನಿಮ್ಮ ತಾತ, ತಾವು ಕೆಲಸ ಮಾಡುತ್ತಿದ್ದ ಪೀಣ್ಯದ ಕಾರ್ಖಾನೆಯಲ್ಲಿ ಎದೆನೋವು ಬಂದು ತೀರಿಕೊಂಡರೆಂದು ಹೇಳಿದರು. ಕಾರ್ಖಾನೆಯಿಂದ ಫೋನು ಬಂದಾಗ ಆಫೀಸಿನವರು ಯಾರೋ ಆ ಸುದ್ದಿಯನ್ನು ಗ್ರೂಪಿಗೆ ಹಾಕಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಆಮೇಲೆ ನನ್ನ ಹೊಟ್ಟೆಗೆ ಏನೂ ಬೀಳದು ಎಂದು ಅವರಿಗೆ ಗೊತ್ತಿತ್ತು.

"ಇಂಥದ್ದು ಗ್ರೂಪಿನ್ಯಾಗ ಓದಬಾರದಕ್ಕಾ" ಎಂದರು.

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಯಾವ ಗ್ರೂಪಿಗೂ ಹಾಕಬೇಡಿ.