ಆಪರೇಟರ್ ಗೈರು

ಯಶವಂತಪುರದಾಚೆಯ ಸಿಂಗಾಪುರದಲ್ಲಿ ಸುಮಾ ಎಂದರೆ ಯಾವ ಸುಮಾ ಎಂದು ಕೇಳಿಯಾರು. ಅಚ್ಚಿನ ಸುಮಾ ಎಂದರೆ ಸೀದಾ ಮನೆ ಬಾಗಿಲಿಗೇ ಕರೆತಂದು ಬಿಡುತ್ತಾರೆ. ಸಂಕ್ರಾಂತಿಯಲ್ಲಿ ಎಳ್ಳಿನ ಜೊತೆ ಬೀರುವ ಸಕ್ಕರೆ ಗಿಳಿ, ಸಕ್ಕರೆ ಬಸವ, ತುಳಸಿಕಟ್ಟೆಗಳನ್ನು ಎರೆಯಲು ಬೇಕಾದ ಮರದ ಅಚ್ಚುಗಳನ್ನು ಅವಳು ಮಾಡುತ್ತಾಳೆ. ಉಳಿ ಹಿಡಿದು ಅಲ್ಲ. ಮನೆಯ ಹಿಂದೆ, ದನಗಳು ಹೋದ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ, ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಪುಟ್ಟ ಮಿಲ್ಲಿಂಗ್ ಮೆಷಿನ್ ಇದೆ. ಊರವರು ಅದನ್ನು ಮುನಿರಾಜುವಿನ ಮೆಷಿನ್ ಎನ್ನುತ್ತಾರೆ, ಏಕೆಂದರೆ ಟೆಂಪೋದಲ್ಲಿ ಅದನ್ನು ತಂದಿಳಿಸಿದವನು ಸುಮಾಳ ಗಂಡ ಮುನಿರಾಜು. ಓಡಿಸುವವಳು, ಎಣ್ಣೆ ಬಿಡುವವಳು, ಮರದ ಪುಡಿ ಗುಡಿಸುವವಳು ಸುಮಾ.

ಈ ಕಾರ್ತಿಕದಲ್ಲಿ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಮೆಷಿನ್ನನ್ನು ನಡೆಸುತ್ತಿದ್ದ ಸಾಫ್ಟ್‌ವೇರೂ ಅದರೊಂದಿಗೇ ಹೋಯಿತು. ಸಂಕ್ರಾಂತಿಯ ಆರ್ಡರುಗಳು ಬಂದು ಕೂತಿದ್ದವು.

ಆರ್.ಟಿ. ನಗರದಲ್ಲಿ ಇಂಥದ್ದೇ ಮೆಷಿನ್ನಿನಿಂದ ಬಾಗಿಲುಗಳಿಗೆ ಕೆತ್ತನೆ ಮಾಡುವ ಸುಗ್ರಾ ಫೋನಿನಲ್ಲಿ ಹೇಳಿದಳು: "ನನ್ ಸಾಫ್ಟ್‌ವೇರ್ ಫ್ರೀದು ಕಣ್ರೀ. ನೋಡೋಕೆ ಚೆಂದ ಇಲ್ಲ. ಇಂಟರ್‌ನೆಟ್ ಕೇಳಲ್ಲ, ಪಾಸ್‌ವರ್ಡ್ ಕೇಳಲ್ಲ, ಹೇಳಿದಷ್ಟು ಮಾಡುತ್ತೆ."

ಆದರೆ ಮುನಿರಾಜು ಅಷ್ಟರಲ್ಲಿ ವೇಣುಗೋಪಾಲ್‌ನನ್ನು ಕರೆತಂದಿದ್ದ. ಯಾವುದೋ ಕಂಪನಿಯ ಸಾಫ್ಟ್‌ವೇರ್ ಮಾರುವವನು. ಹೊಸ ಕಂಪ್ಯೂಟರಿಗೆ ಅದನ್ನು ಹಾಕಿ, ಹದಿನೈದು ದಿನ ಓಡಿಸಿ ನೋಡಿ, ಹಿಡಿಸಿದರೆ ಇಟ್ಟುಕೊಳ್ಳಿ ಎಂದ. ಪರದೆಯ ಮೇಲೆ ಫೋನ್ ನಂಬರ್ ಕೇಳಿದಾಗ ಅವನ ತಲೆ ಮುನಿರಾಜುವಿನ ಕಡೆ ತಿರುಗಿತು.

"ಓಡ್ಸೋದು ನಾನು," ಎಂದಳು ಸುಮಾ.

"ಓನರ್ ನಂಬರ್ ಬೇಕು ಮೇಡಂ. ಸುಮ್ನೆ ಒಂದು ಫಾರ್ಮಾಲಿಟಿ."

ಸುಮ್ಮನೆ ಎಂದವರನ್ನು ಸುಮಾ ಅಷ್ಟು ಸುಲಭಕ್ಕೆ ನಂಬುವವಳಲ್ಲ. ಆದರೂ ಮೊದಲ ದಿನ ಅವಳಿಗೆ ಒಂದು ವಿಷಯ ಹಿಡಿಸಿತು. ಒಂದು ಗಿಳಿಯ ಅಚ್ಚಿಗೆ ಎರಡು ಭಾಗ. ಒಂದೊಂದಕ್ಕೆ ಒಂದೂವರೆ ಗಂಟೆ. ಕಾವಲಿಲ್ಲದೆ ಓಡಿಸಿದರೆ ಕೊರೆಯುವ ಮೊನೆ, ಅಂದರೆ ಬಿಟ್, ಮುರಿದು ಮರ ಸುಡುತ್ತದೆಂದು ಅವಳಿಗೆ ಒಂದು ಹಲಗೆ ಕಪ್ಪಾದ ಮೇಲೆ ಗೊತ್ತಾಗಿತ್ತು. ಅಂದಿನಿಂದ ಒಳಗೆ ಹೋಗಬೇಕಾದಾಗಲೆಲ್ಲ ನಿಲ್ಲಿಸಿಯೇ ಹೋಗುತ್ತಿದ್ದಳು. ಈ ಸಾಫ್ಟ್‌ವೇರಿನಲ್ಲಿ ನಿಲ್ಲಿಸಿ ಮತ್ತೆ ಬಿಟ್ಟರೆ ಗಿಳಿಯ ರೆಕ್ಕೆಯ ಗೆರೆ ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ.

ನಾಲ್ಕನೆಯ ಸಂಜೆ, ಯಶವಂತಪುರದ ಗೋಡೌನಿನಿಂದ ಬಂದ ಮುನಿರಾಜು ಕಾಫಿ ಲೋಟ ಕೆಳಗಿಡದೆ ಕೇಳಿದ: "ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೆಷಿನ್ ಯಾಕೆ ನಿಂತಿತ್ತು?"

ಸುಮಾಳ ಕೈಯಲ್ಲಿದ್ದ ಸೌಟು ನಿಂತಿತು. ಇವನಿಗೆ ಯಾರು ಹೇಳಿದರು? ಹಗಲಲ್ಲಿ ಮನೆಯಲ್ಲಿರುವುದು ಇಬ್ಬರೇ. ಅತ್ತೆ ಮುನಿಗಂಗಮ್ಮ ಕೊಟ್ಟಿಗೆಯ ಎದುರಿನ ಜಗಲಿ ಬಿಟ್ಟು ಏಳುವುದಿಲ್ಲ, ಮಂಡಿ ನೋವು. ಮಗನ ಫೋನು ಬಂದಾಗ ಸೆರಗು ಬಾಯಿಗಿಟ್ಟುಕೊಂಡು ಮೆಲ್ಲಗೆ ಮಾತಾಡುತ್ತಾಳೆ. ಇನ್ನು ಯಾರಿರಲು ಸಾಧ್ಯ?

ಮಾರನೆಯ ದಿನ ಸುಮಾ ಮಾತಿಲ್ಲದೆ ಮುದ್ದೆ ಬಡಿಸಿದಳು.

"ಯಾಕಮ್ಮಿ, ಮುಖ ಇಂಗೆ ಊದ್ಕೊಂಡೈತೆ?"

"ಏನಿಲ್ಲ ಅತ್ತೆ."

"ಏನಿಲ್ದೇನೇ ಸಾರಿಗೆ ಉಪ್ಪು ಆಕಿಲ್ವಾ?"

ಸುಮಾ ಉಪ್ಪಿನ ಡಬ್ಬಿ ತಂದು ಸದ್ದಾಗುವಂತೆ ಮುಂದಿಟ್ಟು ಹೋದಳು.

ಆರನೆಯ ಸಂಜೆ ಮುನಿರಾಜು ಫೋನ್ ನೋಡುತ್ತ ಓದಿದ: "ಹನ್ನೊಂದು ಹತ್ತರಿಂದ ಹನ್ನೊಂದು ಐವತ್ತೆರಡು. ಆಮೇಲೆ ಒಂದು ಐದರಿಂದ ಒಂದು ನಲವತ್ತು. ದಿನಾ ಇದೇ ಟೈಮಿಗೆ ನಿಲ್ಲುತ್ತಲ್ಲೇ! ಏನೋ ಫಾಲ್ಟ್ ಇದೆ. ವೇಣುಗೋಪಾಲ್‌ನ ಕಳಿಸ್ತೀನಿ."

ಐವತ್ತೆರಡು. ಸುಮಾ ಅತ್ತೆಯ ಕಡೆ ನೋಡಿದಳು. ಜಗಲಿಯ ಮೇಲೆ ಬಿಸಿಲು ಎಷ್ಟು ಸರಿಯಿತು ಎಂಬುದರ ಮೇಲೆ ಹೊತ್ತು ಹೇಳುವ ಮುದುಕಿ. ಗಡಿಯಾರ ಓದಲು ಬಾರದು. ಎರಡು ದಿನ ಉಪ್ಪಿಲ್ಲದ ಸಾರು ಉಂಡದ್ದು ತಪ್ಪು ಮಾಡದವಳು. ಹಾಗಾದರೆ ಹೇಳುತ್ತಿರುವುದು ಹೊಸ ಸಾಫ್ಟ್‌ವೇರಿನ ಆ ಬಣ್ಣಬಣ್ಣದ ಪರದೆ.

ಮಂಗಳವಾರ ವೇಣುಗೋಪಾಲ್ ಮೀಟರು ಹಿಡಿದು ಬಂದ. ವೈರುಗಳನ್ನೆಲ್ಲ ಮುಟ್ಟಿ ನೋಡಿದ. ಮೆಷಿನ್ ಒಂದೇ ಸಮನೆ ಓಡುತ್ತಿತ್ತು. ಹನ್ನೊಂದು ದಾಟಿದ ಮೇಲೆ ಜಗಲಿಯಿಂದ "ಅಮ್ಮಿ, ನೀರು ಕಾದೈತಾ?" ಎಂಬ ಕೂಗು ಬಂತು. ಸುಮಾ ನಿಲ್ಲಿಸುವ ಗುಂಡಿ ಒತ್ತಿದಳು.

"ಯಾಕೆ ಮೇಡಂ ನಿಲ್ಲಿಸಿದ್ರಿ?"

"ಅತ್ತೆಗೆ ಸ್ನಾನ ಮಾಡಿಸ್ಬೇಕು."

ಸ್ನಾನ ಮಾಡಿಸಿ, ಸೀರೆ ಉಡಿಸಿ, ತಲೆ ಒರೆಸಿ, ಒಲೆಯ ಮೇಲಿನ ಬೇಳೆ ಇಳಿಸಿ, ನಡುವೆ ವೇಣುಗೋಪಾಲ್‌ಗೂ ಒಂದು ಲೋಟ ಕಾಫಿ ಕೊಟ್ಟು ಅವಳು ಹಿಂದಿರುಗುವಾಗ ಅವನು ತನ್ನ ಫೋನನ್ನು ತಿರುಗಿಸಿ ತೋರಿಸಿದ. ಹಸಿರು ಪಟ್ಟಿ, ನಡುವೆ ಉದ್ದನೆಯ ಕೆಂಪು.

"ಇದೇ ಮೇಡಂ ಫಾಲ್ಟು. ದಿನಾ ಸರ್‌ಗೆ ಹೋಗುತ್ತೆ. ನಿಲ್ಲಿಸಿದಾಗ ಕಾರಣ ಹಾಕ್ಬಿಡಿ, ಸರಿಯಾಗುತ್ತೆ." ಅವನು ಪರದೆಯ ಪಟ್ಟಿಯನ್ನು ಓದಿದ: ಕರೆಂಟ್ ಇಲ್ಲ, ಬಿಟ್ ಬದಲಾವಣೆ, ಮರ ಇಲ್ಲ, ಆಪರೇಟರ್ ಗೈರು.

"ಸ್ನಾನ ಮಾಡ್ಸಿದ್ದಕ್ಕೆ ಇದ್ರಲ್ಲಿ ಯಾವುದು?"

ವೇಣುಗೋಪಾಲ್ ಪಟ್ಟಿಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದ. "ಆಪರೇಟರ್ ಗೈರು ಹಾಕಿ ಮೇಡಂ."

ಒದ್ದೆ ಕೂದಲಿನ ಮುನಿಗಂಗಮ್ಮ ಜಗಲಿಯಿಂದಲೇ ಗುಡುಗಿದಳು: "ಯಾವನ್ಲಾ ಅವ್ನು ಗೈರು ಅಂದೋನು? ಇಷ್ಟೊತ್ತೂ ನನ್ ಬೆನ್ನುಜ್ಜಿದ್ದು ನಿಮ್ಮವ್ವನೇನ್ಲಾ?"

"ಅಯ್ಯೋ ಅಜ್ಜಿ, ನಾನಲ್ಲ, ಸಾಫ್ಟ್‌ವೇರು—"

"ಇದನ್ನ ತೆಗೆದುಬಿಡಿ," ಎಂದಳು ಸುಮಾ.

"ಸರ್‌ನ ಕೇಳ್ಬೇಕು ಮೇಡಂ."

"ಸರ್ ಓಡ್ಸಲ್ಲ. ಕೇಳಿ, ಪರವಾಗಿಲ್ಲ. ಸ್ಪೀಕರ್ ಹಾಕಿ."

ವಿಷಯ ಕೇಳಿದ ಮುನಿರಾಜು ಮರುಪ್ರಶ್ನೆ ಹಾಕಿದ: "ಇದ್ರೆ ನಿಂಗೇನ್ ಕಷ್ಟ? ಮುಚ್ಚಿಡೋದೇನಿದೆ?"

"ಮುಚ್ಚಿಡೋದಿದ್ದಿದ್ರೆ ದಿನಾ ಬಿಟ್ ಬದಲಾವಣೆ ಅಂತ ಒತ್ತಿ ಸುಮ್ನಿರ್ತಿದ್ದೆ. ನಿಮಗೆ ಗೊತ್ತೂ ಆಗ್ತಿರ್ಲಿಲ್ಲ. ಮನೇಲಿ ಇರೋಳನ್ನ ಗೈರು ಅಂತ ನಾನೇ ಬರ್ಕೊಡಲ್ಲ. ಇದೇ ಬೇಕು ಅಂದ್ರೆ ನಾಳೆಯಿಂದ ನೀವೇ ಬಂದು ಓಡ್ಸಿ."

ಗೋಡೌನಿನಲ್ಲಿ ಲಾರಿ ಹಿಂದೆ ಸರಿಯುವ ಸದ್ದು ಕೇಳಿಸಿತು. "ಸಂಕ್ರಾಂತಿ ಅಚ್ಚು ತಡ ಆಗ್ಬಾರ್ದು, ಅಷ್ಟೇ," ಎಂದು ಅವನು ಫೋನಿಟ್ಟ.

ಮರುದಿನ ವೇಣುಗೋಪಾಲ್ ಹಾಕಿದ್ದು ಹೋಗಿ ಸುಗ್ರಾ ಹೇಳಿದ ಫ್ರೀ ಸಾಫ್ಟ್‌ವೇರ್ ಕಂಪ್ಯೂಟರಿಗೆ ಬಂತು. ಬೂದು ಬಣ್ಣದ, ದಪ್ಪ ಅಕ್ಷರದ ಪರದೆ. ಸುಮಾ ಇದನ್ನೂ ನಂಬಲಿಲ್ಲ. ಹಾಕಿದ ತಕ್ಷಣ ಇಂಟರ್‌ನೆಟ್ಟಿನ ವೈರನ್ನು ಕಿತ್ತು ಗೂಟಕ್ಕೆ ಸುತ್ತಿದಳು. ಹಳೆಯ ತುಂಡು ಮರದ ಮೇಲೆ ಬಸವನ ಬೆನ್ನು ಕೊರೆಯಲು ಬಿಟ್ಟು, ಬೇಕೆಂದೇ ಮೂರು ಸಲ ನಿಲ್ಲಿಸಿದಳು. ಮುಗಿದ ಮೇಲೆ ಕಣ್ಣು ಮುಚ್ಚಿ ಬೆನ್ನಿನುದ್ದಕ್ಕೂ ಉಗುರಾಡಿಸಿದಳು. ಎಲ್ಲಿ ನಿಂತಿತ್ತೆಂದು ಉಗುರಿಗೆ ಸಿಗಲಿಲ್ಲ. ಆಮೇಲೆಯೇ ಸಾಗುವಾನಿ ಹಲಗೆ ಏರಿಸಿದಳು.

ಮುನಿರಾಜುವಿನ ಫೋನಿಗೆ ಪಟ್ಟಿ ಬರುವುದು ನಿಂತಿತು. ಅವನ ಅನುಮಾನ ನಿಲ್ಲಲಿಲ್ಲ. ಶುಕ್ರವಾರ ಮಧ್ಯಾಹ್ನ ಕರೆ ಬಂತು. ಸುಮಾಳ ಎರಡೂ ಕೈ ಎಣ್ಣೆಯಾಗಿತ್ತು. ಮೊಣಕೈಯಿಂದ ಒತ್ತಿ ಸ್ಪೀಕರ್ ಹಾಕಿದಳು.

"ಮೆಷಿನ್ ಓಡ್ತಿದೆಯಾ? ಏನ್ ಮಾಡ್ತಿದ್ದೀಯ?"

ಅವಳು ಬಾಯಿ ತೆರೆಯುವ ಮೊದಲೇ ಮುನಿಗಂಗಮ್ಮ ಫೋನಿನ ಕಡೆ ಬಾಗಿದಳು. "ನಾನ್ ಕಣ್ಲಾ, ನಿಮ್ಮವ್ವ. ಮೆಷಿನ್ನು ನಿಂತೈತೆ. ಇವ್ಳು ನನ್ ಮಂಡಿಗೆ ಎಣ್ಣೆ ತಿಕ್ತಾವ್ಳೆ. ಒಂದು ಕಾಲಾಯ್ತು, ಇನ್ನೊಂದೈತೆ. ಬರ್ಕೊಂಡ್ಯಾ?"

ಸುಮಾ ಅತ್ತೆಯ ಇನ್ನೊಂದು ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು.