ತಂತಿ ಅಲ್ಲೇ ಇರಲಿ

ತಮಿಳುನಾಡಿನ ಗಡಿಯಲ್ಲಿ, ಹೊಸೂರಿಗೆ ಅಂಟಿಕೊಂಡ ಮತ್ತಿಗಿರಿಯ ನಮ್ಮ ಮನೆಯಲ್ಲಿ ಮೂರು ವರ್ಷ ನನಗೆ ತುತ್ತಿಟ್ಟವರು ನಮ್ಮ ಯಜಮಾನರು. ಪಾರ್ಕಿನ್ಸನ್ ಬಂದ ಮೇಲೆ ನನ್ನ ಬಲಗೈ ನನ್ನ ಮಾತು ಕೇಳುತ್ತಿರಲಿಲ್ಲ. ಅನ್ನ ಬಾಯಿಗೆ ಬರುವ ಮೊದಲೇ ಮಡಿಲಿಗೆ ಬೀಳುತ್ತಿತ್ತು. ಅವರು ಬೇಸರಪಟ್ಟವರಲ್ಲ, ಬೇಸರವೆಲ್ಲ ನನ್ನದೇ. ಇನ್ನೂ ಅಗಿಯುತ್ತಿರುವಾಗಲೇ ಮುಂದಿನ ತುತ್ತು ಬಾಯಿ ಮುಂದೆ ಬಂದು ನಿಂತರೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಕೈಯಾರೆ ಊಟ ಮಾಡಬೇಕು, ಅಷ್ಟೇ ನನ್ನ ಆಸೆ.

ಮಾತ್ರೆಗಳು ಸಾಲದಾದಾಗ ಬೆಂಗಳೂರಿನ ಡಾಕ್ಟರು ಆಪರೇಷನ್ ಸೂಚಿಸಿದರು. ಮಿದುಳಿನ ತೀರಾ ಆಳದಲ್ಲಿ ಕಡಲೆಕಾಳಿನಷ್ಟು ಜಾಗವೊಂದಿದೆಯಂತೆ. ಅದು ತಾಳತಪ್ಪಿ ಗಲಾಟೆ ಮಾಡುವುದರಿಂದಲೇ ಕೈಗೆ ಈ ಗತಿ. ಅಲ್ಲಿಗೆ ಸಣ್ಣ ತಂತಿ ಇಳಿಸಿ ಕರೆಂಟು ಕೊಟ್ಟರೆ ತಣ್ಣಗಾಗುತ್ತದಂತೆ. ರೋಗ ಹೋಗುವುದಿಲ್ಲ, ಕೈ ಹಿಡಿತಕ್ಕೆ ಬರಬಹುದು ಎಂದರು. ನನಗೆ ಅಷ್ಟು ಸಾಕಿತ್ತು.

ಆಪರೇಷನ್ ನಡೆಯುವಾಗ ನಾನು ಎಚ್ಚರವಾಗಿಯೇ ಇದ್ದೆ. ತಲೆ ಬೋಳಿಸಿ, ಅಲುಗದಂತೆ ಚೌಕಟ್ಟಿಗೆ ಬಿಗಿದಿದ್ದರು. ತಂತಿ ಇಳಿಯಿತು, ಕರೆಂಟು ಬಂತು, ಕೈಯ ನಡುಕ ನಿಂತೇಬಿಟ್ಟಿತು. ಮಾತು ಸರಿಯಿದೆಯೇ ಎಂದು ನೋಡಲು ಡಾಕ್ಟರು ನನ್ನ ಬೆಳಗಿನ ದಿನಚರಿ ಕೇಳಿದರು. ಕನ್ನಡದಲ್ಲಿ ಶುರುಮಾಡಿದೆ. ಹಾಲಿನವಳ ವಿಷಯ ಬಂದಾಗ ತೆಲುಗಿಗೆ ಹೋದೆ, ಪಕ್ಕದ ಮನೆಯಾಕೆಯ ಸುದ್ದಿಗೆ ಬರುವಷ್ಟರಲ್ಲಿ ತಮಿಳು. ಡಾಕ್ಟರು ಗಾಬರಿಯಾದರು. ಮಾತು ಕಲಸಿಹೋಗುತ್ತಿದೆ, ಕರೆಂಟು ಪಕ್ಕಕ್ಕೆ ತಾಗುತ್ತಿರಬೇಕು, ತಂತಿ ಸರಿಸೋಣ ಎಂದು ಜೊತೆಯವರಿಗೆ ಹೇಳಿದ್ದು ಕೇಳಿಸಿತು.

ತಂತಿ ಸರಿಸಿದರೆ ಈಗಷ್ಟೇ ಸಿಕ್ಕ ಕೈ ಮತ್ತೆ ಹೋಗುತ್ತದಲ್ಲ.

"ನನ್ ಬುದ್ಧಿ ನೆಟ್ಟಗೈತೆ ಡಾಕ್ಟ್ರೇ. ನಮ್ ಹೊಸೂರ್ ಕಡೆ ಎಲ್ರೂ ಹಿಂಗೇ ಮಾತಾಡೋದು. ತಂತಿ ಅಲ್ಲೇ ಇರ್ಲಿ, ಮುಟ್ಬ್ಯಾಡಿ" ಎಂದೆ.

ಅವರು ನಂಬಲಿಲ್ಲ. ಹೊರಗಿದ್ದ ಯಜಮಾನರನ್ನು ವಿಚಾರಿಸಲು ನರ್ಸನ್ನು ಕಳಿಸಿದರು. ಆಕೆ ನಗುತ್ತಲೇ ವಾಪಸು ಬಂದಳು; ಅವರ ಉತ್ತರವೂ ಮೂರು ಭಾಷೆಯಲ್ಲಿತ್ತಂತೆ. ಡಾಕ್ಟರೂ ನಕ್ಕು, ಇನ್ನೊಮ್ಮೆ ಪರೀಕ್ಷಿಸಿ, ತಂತಿಯನ್ನು ಅಲ್ಲೇ ಬಿಟ್ಟರು.

ಗಾಯ ಮಾಗಿದ ಮೇಲೆ ತಂತಿಗೆ ಕರೆಂಟು ಕೊಡಲೆಂದು ಎದೆಯ ಬಳಿ ಚರ್ಮದಡಿ ಇಟ್ಟಿದ್ದ ಬ್ಯಾಟರಿ ಚಾಲೂ ಮಾಡಿದರು. ಅದನ್ನು ಹದಕ್ಕೆ ತರಲು ಹಲವು ಸಲ ಬೆಂಗಳೂರಿಗೆ ಓಡಾಡಬೇಕಾಯಿತು. ನಡಿಗೆ ಈಗಲೂ ನಿಧಾನ, ಮಾತ್ರೆಯೂ ತಪ್ಪಿಲ್ಲ. ಆದರೆ ಒಂದು ಮಧ್ಯಾಹ್ನ ಯಜಮಾನರು ಸಾರನ್ನ ಕಲಸಿ ತುತ್ತು ಎತ್ತಿದಾಗ, ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡು ನಾನೇ ತಿಂದೆ. ಒಂದು ಅಗುಳೂ ಬೀಳಲಿಲ್ಲ. ಅವರು ಎತ್ತಿದ ಕೈ ಹಾಗೇ ನಿಂತಿತ್ತು. ನೀವು ತಿನ್ನಿ ಎಂದೆ. ಮೂರು ವರ್ಷದಲ್ಲಿ ಅವರು ಬಿಸಿ ಅನ್ನ ತಿಂದದ್ದು ಅವತ್ತೇ ಮೊದಲು.