ಬಾಗಿಲಲ್ಲಿ ಕೂತ ನರ್ಸಬಾಯಿ

ಮಂಗಳವಾರ ಬೆಳಿಗ್ಗೆ ನನ್ನ ದವಾಖಾನೆಯಿಂದ ಹೊರಬಿದ್ದ ಯಾವ ರೋಗಿಯೂ ಪಾರ್ವತೆವ್ವನವರನ್ನು ದಾಟಿ ಸುಮ್ಮನೆ ಬೀದಿಗಿಳಿಯುವಂತಿರಲಿಲ್ಲ. ಬಾಗಿಲ ಪಕ್ಕದ ಬೆಂಚಿನಲ್ಲಿ ತಲೆತುಂಬ ಸೆರಗು ಹೊದ್ದು ಕೂತಿರುತ್ತಿದ್ದ ಅವರು ಕೈ ಅಡ್ಡ ಹಿಡಿಯುತ್ತಿದ್ದರು.

"ಡಾಕ್ಟರ್ ಏನಂದ್ರು? ಯಾವ ಗುಳಿಗಿ ಯಾವಾಗ? ಹೇಳ್ರಿ ನೋಡೂಣು."

ತಡವರಿಸಿದವರನ್ನು "ಮತ್ತ ಕೇಳಕೊಂಡು ಬರ್ರಿ" ಎಂದು ಒಳಗಟ್ಟುತ್ತಿದ್ದರು.

ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾಗಿದ್ದ ಅವರನ್ನು ಅಣ್ಣಿಗೇರಿಯ ಜನ ನರ್ಸಬಾಯಿ ಎಂದೇ ಕರೆಯುತ್ತಿದ್ದರು. ಪ್ರತಿ ಮಂಗಳವಾರ ಬಿ.ಪಿ. ನೋಡಿಸಿಕೊಳ್ಳಲು ಬರುವರು. ಎರಡು ನಿಮಿಷದ ಕೆಲಸ. ಆದರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಬರೀ ನೆಗಡಿಗೆ ಇಂಜೆಕ್ಷನ್ ಬೇಕೆಂದು ಹಟ ಹಿಡಿದವರಿಗೆ ಅವರೇ ಬೈದು ಕಳಿಸುವರು.

ನಾನಾಗ ಹೊಸಬ. ರೋಗಿಗಳ ಸಾಲು ಬೇಗ ಕರಗಿಸುವುದೇ ಜಾಣತನವೆಂದುಕೊಂಡಿದ್ದೆ. ಒಂದು ದಿನ ಸಾಲಾಗಿ ಮೂವರು ಹಿಂತಿರುಗಿ ಬಂದಾಗ ಸಿಟ್ಟಿನಿಂದ ಹೊರಬಂದು ಕೇಳಿದೆ, "ಈ ಕೆಲಸ ನಿಮಗ ಯಾರು ಹೇಳ್ಯಾರ್ರಿ?"

"ಯಾರೂ ಹೇಳಿಲ್ರಿ," ಎಂದರು ತಣ್ಣಗೆ. "ನೀವು ಹೇಳಿದ್ದು ಇವ್ರಿಗೆ ಮುಟ್ಟಿಲ್ಲ. ಅದಕ್ಕ ಕಳಿಸೇನಿ."

ಆ ಮಾತು ನನಗೆ ಹಿಡಿಸಲಿಲ್ಲ. ಬೆಂಚನ್ನೇ ತೆಗೆಸಿಬಿಡಲೇ ಎಂದೂ ಯೋಚಿಸಿದ್ದೆ.

ಅಷ್ಟರಲ್ಲಿ ಒಂದು ಮಂಗಳವಾರ ಶಲವಡಿಯ ಫಕ್ಕೀರಪ್ಪ ಜ್ವರವೆಂದು ಬಂದ. ಅವನಿಗೆ ಹಳೆಯ ಸಕ್ಕರೆ ಕಾಯಿಲೆ. ಜ್ವರಕ್ಕೆ ಚೀಟಿ ಬರೆದು ಕಳಿಸಿದೆ. ಐದು ನಿಮಿಷದಲ್ಲಿ ಪಾರ್ವತೆವ್ವನವರು ಅವನ ರಟ್ಟೆ ಹಿಡಿದು ಒಳಗೆ ತಂದರು. ಸ್ಟೂಲಿನ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕೂತು, ಅವನ ಪಾದಕ್ಕೆ ಸುತ್ತಿದ್ದ ಅರಿವೆ ಬಿಚ್ಚಿದರು. ವಾಸನೆ ಮೂಗಿಗೆ ಬಡಿಯಿತು. ಬಲಗಾಲಿನ ಕಿರುಬೆರಳು ಕಪ್ಪಾಗಿತ್ತು.

"ನೋವಿಲ್ರಿ, ಅದಕ್ಕ ಹೇಳಲಿಲ್ಲ," ಎಂದ ಫಕ್ಕೀರಪ್ಪ. ಸಕ್ಕರೆ ಕಾಯಿಲೆ ಅವನ ಪಾದದ ಸ್ಪರ್ಶವನ್ನೇ ಕೊಂದಿತ್ತು.

ಆಗಲೇ ಗಾಡಿ ಮಾಡಿಸಿ ಅವನನ್ನು ಹುಬ್ಬಳ್ಳಿಗೆ ಕಳಿಸಿದೆವು. ಬೆರಳು ಹೋಯಿತು, ಕಾಲು ಉಳಿಯಿತು.

ಎಲ್ಲರೂ ಹೋದ ಮೇಲೆ ಪಾರ್ವತೆವ್ವನವರು ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಡಾಕ್ಟರ್ರ, ಆತ ಕುಂಟಕೋತ ಒಳಗ ಬಂದಿದ್ದ. ನೀವು ತಲಿ ಎತ್ತಿರಲಿಲ್ಲ."

ಮರುದಿನ ಮೇಜನ್ನು ಬಾಗಿಲ ಕಡೆಗೆ ತಿರುಗಿಸಿದೆ, ಬರುವವರ ನಡಿಗೆ ಕಾಣಲೆಂದು. ಸಾಲು ನಿಧಾನವಾಯಿತು; ಗೊಣಗುವವರು ಗೊಣಗಿದರು. ಹಿಂತಿರುಗಿ ಬರುವವರು ಮಾತ್ರ ಕಡಿಮೆಯಾಗುತ್ತ ಹೋದರು. ಹೊರಡುವಾಗ ಒಮ್ಮೊಮ್ಮೆ ಪಾರ್ವತೆವ್ವನವರು ಒಳಗೆ ಇಣುಕಿ, "ಇವತ್ತ ಅಡ್ಡಿಯಿಲ್ಲ" ಎನ್ನುತ್ತಿದ್ದರು. ನನ್ನ ಪದವಿ ಪತ್ರ ಕೈಗೆ ಬಂದ ದಿನವೂ ನಾನು ಅಷ್ಟು ಹಿಗ್ಗಿರಲಿಲ್ಲ.

ಹೋದ ವರ್ಷ ಅವರ ಹೃದಯ ಸೋತಿತು. ಹುಬ್ಬಳ್ಳಿಯ ವೈದ್ಯರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ನೋಡಲು ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ಉಸಿರಿಗಾಗಿ ತಡೆದು ತಡೆದು ಮಾತಾಡುತ್ತಿದ್ದರು.

"ಇನ್ನ ಎಷ್ಟ ದಿನ? ಖರೇ ಹೇಳ್ರಿ."

"ಭಾಳ ಇಲ್ರಿ, ಅವ್ವಾರ," ಎಂದೆ.

ಅವರು ತಲೆಯಾಡಿಸಿ, ಬಾಗಿಲ ಹಿಂದೆ ನಿಂತು ಅಳುತ್ತಿದ್ದ ಸೊಸೆಯನ್ನು ತೋರಿಸಿದರು. "ನನಗ ಗೊತ್ತಿತ್ತು. ಆಕಿ ಅಂಜ್ಯಾಳ. ಏನಾಗ್ತದ, ಆಗ ಏನ ಮಾಡಬೇಕು, ಆಕಿಗೆ ಸಮಾಧಾನಲೆ ಹೇಳ್ರಿ."

ಸೊಸೆಯನ್ನು ಕರೆದು ಕೂರಿಸಿಕೊಂಡೆ. ಉಸಿರು ಕಟ್ಟಿದರೆ ಹೇಗೆ ಎತ್ತಿ ಕೂರಿಸಬೇಕು, ನೀರು ಎಷ್ಟು ಕೊಡಬೇಕು, ನನ್ನನ್ನು ಯಾವಾಗ ಕರೆಯಬೇಕು, ಎಲ್ಲ ಹೇಳಿದೆ. ಆಕೆ ಅಳು ನಿಲ್ಲಿಸಿ ಒಂದೊಂದೇ ಪ್ರಶ್ನೆ ಕೇಳತೊಡಗಿದಳು. ಮುಗಿಸಿ ತಿರುಗಿದರೆ, ಪಾರ್ವತೆವ್ವನವರು ನಿದ್ದೆ ಹೋಗಿದ್ದರು.

ಎಂಟು ದಿನಕ್ಕೆ ತೀರಿಕೊಂಡರು. ಸೊಸೆ ಹೆದರಲಿಲ್ಲ, ಕೊನೆಯವರೆಗೂ ಅತ್ತೆಯ ಬೆನ್ನಿಗೆ ಆಸರೆಯಾಗಿ ಕೂತಿದ್ದಳು.